ಉಳಿಸಿದ ನೀರನ್ನು ಎರಡು ಸಲ ಖರ್ಚು ಹಾಕಬೇಡಿ: ಬರ ಯೋಜನೆ ಟಿಪ್ಪಣಿ

ಮಳೆ ಕೊರತೆ, ಮಣ್ಣಿನ ತೇವದ ಕೊರತೆ, ಹೊಳೆ-ಜಲಾಶಯಗಳ ಕೊರತೆ: ಬರದ ಈ ಮೂರು ಬಗೆಗಳ ವಿವರಣೆಗೆ ಇಲ್ಲಿ ಜಾಗ ಕೊಡುವುದಿಲ್ಲ. ಎಸ್‌ಪಿಐ (ಆಯ್ದ ಅವಧಿಯ ಮಳೆ ವಾಡಿಕೆಗಿಂತ ಎಷ್ಟು ಏರುಪೇರಾಗಿದೆ ಎಂದು ಹೇಳುವ ಸೂಚ್ಯಂಕ) −1ಕ್ಕೆ ಇಳಿದರೆ ಸಾಧಾರಣ ಬರ, −1.5ಕ್ಕೆ ತೀವ್ರ, −2ಕ್ಕೆ ಅತಿ ತೀವ್ರ. ಜಲಾಶಯ ನಂಬಿದ ಊರಿಗೆ 12 ಅಥವಾ 24 ತಿಂಗಳ ಎಸ್‌ಪಿಐ ನೋಡಬೇಕು. ಒಂದು ತಿಂಗಳದ್ದು ಬೆಳೆಗೆ ಸರಿಹೋದೀತು, ಜಲಾಶಯಕ್ಕಲ್ಲ.

ಎಷ್ಟು ದಿನಕ್ಕೆ ಸಾಕು?

ಜಲಾಶಯದಲ್ಲಿ 40,000 ದಶಲಕ್ಷ ಲೀಟರ್ ನೀರಿದೆ, ಊರಿನ ಬೇಡಿಕೆ ಸೋರಿಕೆಯೂ ಸೇರಿ 150 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಎಂದಿಟ್ಟುಕೊಳ್ಳಿ. ಭಾಗಿಸಿದರೆ 266 ದಿನ. ಈ ಉತ್ತರ ತಪ್ಪು.

ಮೊದಲು 8,000 ಡೆಡ್ ಸ್ಟೋರೇಜ್ (ತೂಬಿಗಿಂತ ಕೆಳಗಿದ್ದು ಹೊರಗೆ ಬಿಡಲಾಗದ ತಳದ ನೀರು) ಕಳೆಯಿರಿ, 32,000 ಉಳಿಯಿತು. ಇನ್ನು ಆವಿ: ನೀರಿನ ಹರವು 6 ಚದರ ಕಿ.ಮೀ., ದಿನಕ್ಕೆ 5 ಮಿ.ಮೀ. ಆವಿಯಾದರೆ 30 ಎಂಎಲ್‌ಡಿ. (ಒಂದು ಚದರ ಕಿ.ಮೀ. ಮೇಲೆ ಒಂದು ಮಿ.ಮೀ. ಎಂದರೆ ಹತ್ತು ಲಕ್ಷ ಲೀಟರ್. ಇದೊಂದು ನೆನಪಿದ್ದರೆ ಸೂತ್ರವೇ ಬೇಡ.) ನದಿ ಕೆಳಭಾಗಕ್ಕೆ ಬಿಡಲೇಬೇಕಾದ್ದು 20. ಅಲ್ಲಿಗೆ ದಿನದ ಒಟ್ಟು ಇಳಿಕೆ 200 ಎಂಎಲ್‌ಡಿ. ಒಳಹರಿವು ಸೊನ್ನೆ ಎಂದು ಹಿಡಿದರೆ 160 ದಿನ.

ಬೇಡಿಕೆಯಲ್ಲಿ 20% ಕಡಿತ ಮಾಡಿದರೂ ಒಟ್ಟು ಇಳಿಕೆ 15% ಮಾತ್ರ ತಗ್ಗುತ್ತದೆ, ಯಾಕೆಂದರೆ ಆವಿಗೂ ನದಿಗೂ ನಮ್ಮ ಆದೇಶ ತಟ್ಟುವುದಿಲ್ಲ. 32,000 ÷ 170 = 188 ದಿನ, ಅಂದರೆ ಸಿಕ್ಕಿದ್ದು 28 ದಿನ. ನೀರು ಇಳಿದಂತೆ ಹರವೂ ಕುಗ್ಗಿ ಆವಿ ಕಡಿಮೆಯಾಗುತ್ತದೆ. ಅದನ್ನು ಬಿಟ್ಟರೂ ತಪ್ಪು ಸುರಕ್ಷಿತ ಕಡೆಗೇ ಇರುತ್ತದೆ.

ಎಲ್ಲರೂ ಎಡವುವ ಜಾಗ

"ತಲಾ ಬಳಕೆ ಇಳಿಸಿದ್ದೇವೆ, ಬರ ಬಂದರೂ ತಡೆದುಕೊಳ್ಳುತ್ತೇವೆ." ಕೇಳಲು ಸರಿಯೇ, ಲೆಕ್ಕ ಹಾಕಿದರೆ ಉಲ್ಟಾ. ಸೋರಿಕೆಯನ್ನು ಸದ್ಯಕ್ಕೆ ಬದಿಗಿಡಿ.

ಇವತ್ತು: 10 ಲಕ್ಷ ಜನ, ತಲಾ 150 ಲೀಟರ್, ಒಟ್ಟು 150 ಎಂಎಲ್‌ಡಿ.
ಉಳಿತಾಯದ ನಂತರ: ತಲಾ 120 ಲೀಟರ್. ಉಳಿದ 30 ಎಂಎಲ್‌ಡಿಯನ್ನು ಹೊಸ ಬಡಾವಣೆಗಳ ಸಂಪರ್ಕಕ್ಕೆ ಕೊಟ್ಟಾಯಿತು. ಈಗ 12.5 ಲಕ್ಷ ಜನ, ಒಟ್ಟು ಮತ್ತೆ 150 ಎಂಎಲ್‌ಡಿ.

ಜಲಾಶಯದ ಮಟ್ಟಿಗೆ ಏನೂ ಬದಲಾಗಿಲ್ಲ. ಬದಲಾದದ್ದು ತಲಾ ಬಳಕೆಯ ಒಳಗಡೆ. ಅದನ್ನು ಎರಡು ಭಾಗ ಮಾಡಿ: ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇಕಾದ "ಬಿಡಲಾಗದ" ಬಳಕೆ ಒಂದು; ಇನ್ನೊಂದು ಕೈತೋಟ, ವಾಹನ ತೊಳೆತ, ಅಂಗಳಕ್ಕೆ ಪೈಪು ಹಿಡಿಯುವುದು ಇತ್ಯಾದಿ "ಬಿಡಬಹುದಾದ" ಬಳಕೆ.

ಮೊದಲು 150 = 90 + 60. ಬರದಲ್ಲಿ 20% ಕಡಿತ ಎಂದರೆ ತಲಾ 30 ಲೀಟರ್. ಬಿಡಬಹುದಾದ 60ರಲ್ಲಿ ಅರ್ಧ. ಆದೀತು.
ಉಳಿತಾಯವೆಲ್ಲ ಕೈತೋಟದಿಂದಲೇ ಬಂದಿದ್ದರೆ 120 = 90 + 30. ಈಗ 20% ಎಂದರೆ 24 ಲೀಟರ್. ಬಿಡಬಹುದಾದ 30ರಲ್ಲಿ 80%! ಅದೇ ಆದೇಶ, ಅದೇ ಶೇಕಡಾವಾರು, ಜನರಿಗೆ ಬಿಗಿ ಮಾತ್ರ ವಿಪರೀತ ಹೆಚ್ಚಿತು.

ಹಾಗಾಗಿ ನಾನು ಯಾವ ಯೋಜನೆ ಕಂಡರೂ ಮೊದಲು ನೋಡುವುದು ಈ ಒಂದು ಭಾಗಾಕಾರ: ಬೇಕಾದ ಕಡಿತ ÷ ಬಿಡಬಹುದಾದ ಬಳಕೆ. ಇದು 1 ದಾಟಿದರೆ ಯೋಜನೆ ಕಾಗದದ ಮೇಲೂ ಅಸಾಧ್ಯ.

ಎಲ್ಲ ಉಳಿತಾಯವೂ ಹೀಗೆ ಬಿಗಿ ತರುವುದಿಲ್ಲ. 13 ಲೀಟರಿನ ಫ್ಲಶ್ ತೆಗೆದು 6 ಲೀಟರಿನದು ಹಾಕಿದರೆ ಇಳಿಯುವುದು ಬಿಡಲಾಗದ ಭಾಗ. ಉಳಿತಾಯದ ಅರ್ಧ ಹೀಗೆ ಬಂದಿದ್ದರೆ 120 = 75 + 45; 24 ÷ 45 ಎಂದರೆ 53%. ಹೆಚ್ಚುಕಡಿಮೆ ಮೊದಲಿನಷ್ಟೇ ಸಡಿಲ. ಇಲ್ಲೂ ಒಂದು ಕೊಕ್ಕೆ: ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನಲ್ಲಿ ಸ್ನಾನ ಎರಡು ನಿಮಿಷ ಮೊಟಕುಗೊಳಿಸಿದರೆ 20 ಲೀಟರ್ ಉಳಿಯುತ್ತದೆ, 6 ಲೀಟರಿನದರಲ್ಲಿ 12 ಮಾತ್ರ. ಸಾಧನ ಚೊಕ್ಕವಾದಷ್ಟೂ ಬರಗಾಲದ ಮನವಿಗೆ ಸಿಗುವ ಫಲ ಕಡಿಮೆ.

ದಾರಿ? ಉಳಿದ 30 ಎಂಎಲ್‌ಡಿಯಲ್ಲಿ ಅರ್ಧ ಮಾತ್ರ ಹೊಸ ಸಂಪರ್ಕಕ್ಕೆ ಕೊಡುವುದು. ಜನಸಂಖ್ಯೆ 11.25 ಲಕ್ಷಕ್ಕೆ ನಿಲ್ಲುತ್ತದೆ, ಇನ್ನರ್ಧ ಜಲಾಶಯದಲ್ಲಿ ವರ್ಷಕ್ಕೆ 5,475 ದಶಲಕ್ಷ ಲೀಟರ್ ಆಗುತ್ತದೆ. ದಿನದ ಇಳಿಕೆ ಆಗ 185. ಸುಮಾರು 30 ದಿನದ ನೀರು. ಜಲಾಶಯ ತುಂಬಿ ಕೋಡಿ ಹರಿಯುವ ವರ್ಷ ಈ ಉಳಿತಾಯ ಕೋಡಿಯಲ್ಲೇ ಹೋಗುತ್ತದೆ, ಆದ್ದರಿಂದ ಅದನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋಗಬೇಡಿ.

ಉಳಿದದ್ದು, ಚುಟುಕಾಗಿ

ನಿರ್ಬಂಧ ಹೇರುವ ಮಟ್ಟವೂ ತೆಗೆಯುವ ಮಟ್ಟವೂ ಒಂದೇ ಇರಬಾರದು. 120 ದಿನದ ನೀರು ಉಳಿದಾಗ ಹೇರಿದರೆ 150 ದಿನದ ನೀರು ದಾಟಿದ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಒಂದು ಮಳೆಗೆ ತೆಗೆದು ಮರುವಾರ ಮತ್ತೆ ಹೇರಬೇಕಾಗುತ್ತದೆ.

ಸೋರಿಕೆ ಅಳೆಯಲು ರಾತ್ರಿ 2ರಿಂದ 4ರ ಹರಿವು ನೋಡಿ. ಆ ಹೊತ್ತಿನಲ್ಲಿ ಹರಿಯುವುದರಲ್ಲಿ ಹೆಚ್ಚಿನದು ಸೋರಿಕೆಯೇ. ಒತ್ತಡ ತಗ್ಗಿಸಿದರೆ ಪೈಪು ಅಗೆಯದೆಯೇ ಅದು ಇಳಿಯುತ್ತದೆ.

ಬಳಕೆ ಇಳಿದರೆ ಬಿಲ್ಲಿನ ಆದಾಯವೂ ಇಳಿಯುತ್ತದೆ, ಸಾಲದ ಕಂತು, ಸಂಬಳ ಇಳಿಯುವುದಿಲ್ಲ. ಬರದ ಹೆಚ್ಚುವರಿ ದರವನ್ನು ಒಳ್ಳೆಯ ಮಳೆಯ ವರ್ಷದಲ್ಲೇ ಮಂಜೂರು ಮಾಡಿಸಿಡಬೇಕು.

ದಿನ ಬಿಟ್ಟು ದಿನ ನೀರು ಬಿಡುವುದು ಕೊನೆಯ ಅಸ್ತ್ರ. ಪೈಪು ಖಾಲಿಯಾದಾಗ ಬಿರುಕುಗಳಿಂದ ಹೊರಗಿನ ಕೊಳಕು ನೀರನ್ನು ಒಳಗೆ ಸೆಳೆದುಕೊಳ್ಳುತ್ತದೆ. ಮತ್ತೆ ನೀರು ಬಂದಾಗ ಜನ ಸಿಕ್ಕ ಪಾತ್ರೆಯೆಲ್ಲ ತುಂಬಿಸಿ, ಮುಂದಿನ ಸರದಿಯಲ್ಲಿ ಹಳೆಯದನ್ನು ಚೆಲ್ಲುತ್ತಾರೆ.