ಕಣ್ಣೆದುರೇ ಇದ್ದ ಅಡಕತ್ತರಿ

ಪರದೆಯ ಚಿತ್ರದಲ್ಲಿ ಅಡಗಿಸಿಟ್ಟ ವಸ್ತುಗಳನ್ನು ಪಟ್ಟಿ ನೋಡಿ ಹುಡುಕುವ ಆಟ. ಪಟ್ಟಿಯಲ್ಲಿ ಹನ್ನೆರಡು ಹೆಸರು. ಹನ್ನೊಂದು ಸಿಕ್ಕಿವೆ, ಉಳಿದದ್ದು ಅಡಕತ್ತರಿ ಒಂದೇ. ಆಡುವವರು ಒಂದೂವರೆ ನಿಮಿಷ ಪರದೆಯನ್ನು ಮೂಲೆಯಿಂದ ಮೂಲೆಗೆ ಜಾಲಾಡಿ, ಸಾಕಾಗಿ, ಹಿಂಟ್ ಒತ್ತುತ್ತಾರೆ. ಹೊಳೆಯುವ ಉಂಗುರವೊಂದು ಬಂದು ಒಂದು ಜಾಗದ ಮೇಲೆ ನಿಲ್ಲುತ್ತದೆ. ಆಗ ಬಾಯಿಂದ ಬರುವ ಮಾತು ಎರಡರಲ್ಲೊಂದು: ‘ಅಯ್ಯೋ, ಇಲ್ಲೇ ಇತ್ತಲ್ಲ!’ ಅಥವಾ ‘ಇದೂ ಒಂದು ಅಡಕತ್ತರೀನಾ?’ ಎರಡನೆಯ ಮಾತು ನಾಲ್ಕು ಸಲ ಬಂತೆಂದರೆ, ಚಿತ್ರ ಎಷ್ಟೇ ಚೆಂದವಿರಲಿ, ಕಥೆಯಲ್ಲಿ ಎಷ್ಟೇ ದೆವ್ವಗಳಿರಲಿ, ಅವರು ಆಟ ಮುಚ್ಚಿ ಎದ್ದು ಹೋಗುತ್ತಾರೆ.

ಇಂಥ ಹಿಡನ್ ಆಬ್ಜೆಕ್ಟ್ ಆಟಗಳ ಸುಖವೆಲ್ಲ ಆ ಮೊದಲ ಉದ್ಗಾರದಲ್ಲಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ ಎಂಬ ಪೆಚ್ಚುನಗು ಅದು. ತಪ್ಪು ನನ್ನ ಕಣ್ಣಿನದು, ಆಟದ್ದಲ್ಲ ಎಂದು ಆಡುವವರೇ ಒಪ್ಪಿಕೊಳ್ಳಬೇಕು. ವಸ್ತುವನ್ನು ಎಲ್ಲಿಡಬೇಕು, ಏನೆಂದು ಕರೆಯಬೇಕು, ಹಿಂಟ್ ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಬೀಗದ ಕೈ ಯಾವಾಗ ಸಿಗಬೇಕು, ಇವೆಲ್ಲ ಈ ಒಂದು ಮಾತಿನ ಸುತ್ತ ತೀರ್ಮಾನವಾಗುತ್ತವೆ.

ಕಣ್ಣೆದುರಿದ್ದದ್ದು ಕಾಣದೆ ಹೋಗುವುದು ಹೇಗೆ? ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಭಾಗ ಬಹಳ ಚಿಕ್ಕದು. ಕೈ ಚಾಚಿ ಹೆಬ್ಬೆರಳು ಹಿಡಿದರೆ ಅದರ ಉಗುರಿನಷ್ಟಗಲ, ಸುಮಾರು ಎರಡು ಡಿಗ್ರಿ. ಅಷ್ಟು ಜಾಗವನ್ನೇ ಹಿಡಿದುಕೊಂಡು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತದೆ. ಸುತ್ತಲಿನದೆಲ್ಲ ಬಣ್ಣ, ಅಂಚು, ವಾಲಿಕೆ ನೋಡಿ ಮಾಡಿದ ಅಂದಾಜು. ಮನಶ್ಶಾಸ್ತ್ರಜ್ಞರಾದ ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಮಂಡಿಸಿದ ಸಿದ್ಧಾಂತ ಇಂಥ ಆಟ ಕಟ್ಟುವ ಕಸುಬಿನವರಿಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಹಸಿರೆಲೆಗಳ ನಡುವೆ ಕೆಂಪು ಚೆಂಡಿದ್ದರೆ ಹುಡುಕಬೇಕಾಗಿಯೇ ಇಲ್ಲ, ಅದೇ ಎದ್ದು ಬರುತ್ತದೆ. ಆದರೆ ಕೆಂಪು ಎಲೆ, ಹಸಿರು ಚೆಂಡುಗಳ ರಾಶಿಯಲ್ಲಿ ಒಂದು ಕೆಂಪು ಚೆಂಡನ್ನು ಹುಡುಕಿ ಎಂದರೆ, ಬಣ್ಣವನ್ನೂ ಆಕಾರವನ್ನೂ ಜೋಡಿಸಿ ಒಂದೊಂದನ್ನೇ ನೋಡುತ್ತ ಹೋಗಬೇಕು. ಅಡಗಿಸುವುದು ಎಂದರೆ ಇದೇ: ವಸ್ತುವನ್ನು ಚಿಕ್ಕದು ಮಾಡುವುದಲ್ಲ, ಮಸುಕು ಮಾಡುವುದೂ ಅಲ್ಲ, ಅದರ ಒಂದೊಂದು ಗುಣವನ್ನೂ ಅಕ್ಕಪಕ್ಕದವರಿಗೆ ಹಂಚಿಬಿಡುವುದು.

ಮಲೆನಾಡಿನ ಹಳೇ ಮನೆಯ ಅಟ್ಟವೊಂದನ್ನು ದೃಶ್ಯವಾಗಿ ಕಟ್ಟೋಣ. ಅಳತೆ 1920×1080 ಪಿಕ್ಸೆಲ್. ಹಂಚಿನ ಮಾಡು, ನಡುವೆ ಒಂದು ಗಾಜಿನ ಹಂಚು, ಅಲ್ಲಿಂದ ಓರೆಯಾಗಿ ಇಳಿದ ಬಿಸಿಲುಕೋಲು. ತಗಡಿನ ಟ್ರಂಕು, ಬೆತ್ತದ ಬುಟ್ಟಿಗಳು, ಮುರಿದ ತೊಟ್ಟಿಲು, ಹಿತ್ತಾಳೆ ಹಂಡೆ, ಗೋಡೆಗೆ ಒರಗಿಸಿದ ಬಿದಿರಿನ ಗಳಗಳು. ಮಡಿಸಿದ ಕೊಡೆ ಬಿದಿರುಗಳ ಸಾಲಿನಲ್ಲಿ ನಿಲ್ಲಲಿ, ಹಿಡಿಕೆ ಮಾತ್ರ ಮೇಲೆ ಕಾಣುವಂತೆ. ಬಳೆಯನ್ನು ಲಾಟೀನಿನ ಕಂಠಕ್ಕೆ ಹಾಕಿದರೆ ಅದು ಲಾಟೀನಿನದೇ ಭಾಗವಾಗಿಬಿಡುತ್ತದೆ. ಅಡಕತ್ತರಿಯನ್ನು ಟ್ರಂಕಿನ ಚಿಲಕದ ಪಕ್ಕ ನೇತುಹಾಕಿ. ಎರಡೂ ಒಂದೇ ಕಬ್ಬಿಣದ ಬಣ್ಣ, ಎರಡಕ್ಕೂ ಕೀಲು. ಕಣ್ಣು ಅಲ್ಲಿಗೆ ಬರುತ್ತದೆ, ‘ಚಿಲಕ’ ಎಂದುಕೊಳ್ಳುತ್ತದೆ, ಮುಂದಕ್ಕೆ ಜಿಗಿಯುತ್ತದೆ. ಮೂರು ಸಲ ಹಾಗೆ ದಾಟಿ ನಾಲ್ಕನೆಯ ಸಲ ನಿಂತು ನೋಡಿದಾಗ ಸಿಗುವ ಖುಷಿಗಾಗಿಯೇ ಜನ ಈ ಆಟ ಆಡುವುದು.

ಇಲ್ಲಿ ಕೆಡುವುದು ಹೀಗೆ. ಕಲಾವಿದರು ಅಟ್ಟವನ್ನು ಒಬ್ಬರು ಬಿಡಿಸಿ, ವಸ್ತುಗಳನ್ನು ಇನ್ನೊಬ್ಬರು ಬೇರೆ ಬೇರೆ ಲೇಯರ್‌ನಲ್ಲಿ ತಂದು ಇಡುತ್ತಾರೆ. ಬಿಸಿಲು ಬಲದಿಂದ ಬೀಳುತ್ತಿದ್ದರೆ ಕೊಡೆಯ ನೆರಳು ಎಡಕ್ಕೆ ಬೀಳಬೇಕಷ್ಟೇ? ನೆರಳೇ ಇಲ್ಲದಿದ್ದರೆ ಕೊಡೆ ಅಂಟಿಸಿದ ಸ್ಟಿಕರ್‌ನಂತೆ ಎದ್ದು ಕಾಣುತ್ತದೆ, ಎರಡೇ ಸೆಕೆಂಡಿನಲ್ಲಿ ಸಿಕ್ಕಿಬಿಡುತ್ತದೆ. ಇದಕ್ಕೆ ಹೆದರಿ ಕೆಲವರು ವಸ್ತುವನ್ನು ಗೋಡೆಯ ಬಣ್ಣದಲ್ಲೇ ಶೇಕಡ 20ರಷ್ಟು ಮಾತ್ರ ಕಾಣುವಂತೆ ತೆಳುವಾಗಿಸುತ್ತಾರೆ. ಅದು ಅಡಗಿಸಿದ್ದಲ್ಲ, ಅಳಿಸಿದ್ದು. ಮರೆಯಾಗುವ ಭಾಗ ಮೂರರಲ್ಲೊಂದು ಪಾಲು ದಾಟಬಾರದು, ಅದರಲ್ಲೂ ಗುರುತು ಹಿಡಿಯುವ ಅಂಗ ಬಯಲಲ್ಲೇ ಇರಬೇಕು. ಕೊಡೆಗೆ ಹಿಡಿಕೆ, ಅಡಕತ್ತರಿಗೆ ಆ ಬಾಗಿದ ಅಲಗು. ಅದನ್ನೇ ಮುಚ್ಚಿ ಬರೀ ಹಿಡಿಗಳನ್ನು ತೋರಿಸಿದರೆ ಅದು ಇಕ್ಕಳವೂ ಆಗಬಹುದು. ಅಳತೆಯಲ್ಲೂ ಮೋಸ ಸಲ್ಲದು. ತೊಟ್ಟಿಲಿನಷ್ಟು ದೊಡ್ಡ ಪಗಡೆ ಕಾಯಿಯನ್ನು ಮಂದಿ ಕಂಡರೂ ಪಗಡೆ ಕಾಯಿ ಎಂದುಕೊಳ್ಳುವುದಿಲ್ಲ.

ಪರದೆಯನ್ನು ಮೂರು ಅಡ್ಡ, ಮೂರು ಉದ್ದ, ಒಂಬತ್ತು ಮನೆಗಳಾಗಿ ಭಾಗಿಸಿ, ಒಂದೊಂದು ಮನೆಗೂ ಕನಿಷ್ಠ ಒಂದು ವಸ್ತು ಬರುವಂತೆ, ಎರಡಕ್ಕಿಂತ ಹೆಚ್ಚಾಗದಂತೆ ಹಂಚುವುದು ಒಳ್ಳೆಯ ಕೈಲೆಕ್ಕ. ಹನ್ನೆರಡರಲ್ಲಿ ನಾಲ್ಕು ಸಲೀಸು, ಐದು ಮಧ್ಯಮ, ಮೂರು ಕಷ್ಟ. ಸಲೀಸಿನ ನಾಲ್ಕು ಮೊದಲ ಅರ್ಧ ನಿಮಿಷದಲ್ಲೇ ಸಿಕ್ಕಿ ಕೈ ಬಿಸಿಯಾಗದಿದ್ದರೆ ಕಷ್ಟದ್ದಕ್ಕೆ ಯಾರೂ ತಾಳ್ಮೆ ಉಳಿಸಿಕೊಳ್ಳುವುದಿಲ್ಲ. ಇನ್ನೊಂದು ಎಡವಟ್ಟು: ಸಿಕ್ಕಿದ ವಸ್ತುಗಳು ಮಾಯವಾಗುತ್ತ ಹೋದಂತೆ ಅಟ್ಟ ಬರಿದಾಗುತ್ತದೆ, ಕೊನೆಯ ಎರಡು ತಾವಾಗಿಯೇ ಬಯಲಿಗೆ ಬೀಳುತ್ತವೆ. ಪಟ್ಟಿಯಲ್ಲಿ ಇರುವ ಪ್ರತಿ ವಸ್ತುವಿಗೆ ಪಟ್ಟಿಯಲ್ಲಿ ಎಂದೂ ಬಾರದ ಎರಡಾದರೂ ವಸ್ತು ದೃಶ್ಯದಲ್ಲಿರಬೇಕು. ಹುಡುಕುವ ವಸ್ತುಗಳನ್ನು ಒಟ್ಟು 36 ಬಿಡಿಸಿಟ್ಟರೆ, ಕಥೆ ತಿರುಗಿ ಅದೇ ಅಟ್ಟಕ್ಕೆ ಕರೆತಂದಾಗ ಹೊಸ ಹನ್ನೆರಡು ಕೊಡಬಹುದು. ಮೂರನೇ ಸಲಕ್ಕೂ ಸಾಕು. ನಾಲ್ಕನೇ ಸಲ ಅದೇ ಅಟ್ಟಕ್ಕೆ ಕಳಿಸಿದರೆ ಬೈಗುಳ ಗ್ಯಾರಂಟಿ.

ಫೋನಿನ ಲೆಕ್ಕವೇ ಬೇರೆ. 1080 ಸಾಲಿನ ಚಿತ್ರದಲ್ಲಿ 40 ಪಿಕ್ಸೆಲ್ ಎತ್ತರದ ವಸ್ತು 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಏಳು ಮಿಲಿಮೀಟರ್ ಇರುತ್ತದೆ. ಅದೇ ಚಿತ್ರ ಆರೂವರೆ ಸೆಂಟಿಮೀಟರ್ ಅಗಲದ ಫೋನನ್ನು ಅಡ್ಡ ಹಿಡಿದಾಗ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ, ಸಾಸಿವೆ ಕಾಳಿನ ಹತ್ತಿರ. ಬೆರಳು ಇಟ್ಟರೆ ವಸ್ತುವೇ ಮುಚ್ಚಿಹೋಗುತ್ತದೆ. ಆದ್ದರಿಂದ ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವ ಸೌಲಭ್ಯ ಬೇಕೇ ಬೇಕು. ಜೊತೆಗೆ ಮುಟ್ಟಿದ್ದು ಲೆಕ್ಕಕ್ಕೆ ಬರುವ ಜಾಗ ಚಿತ್ರಕ್ಕಿಂತ ದೊಡ್ಡದಿರಬೇಕು, ಏಳೆಂಟು ಮಿಲಿಮೀಟರಿಗೆ ಕಡಿಮೆಯಾಗಬಾರದು.

ಇನ್ನು ಹೆಸರುಗಳು. ಕಣ್ಣಿಗಿಂತ ಹೆಚ್ಚು ಜಗಳ ನಡೆಯುವುದು ಇಲ್ಲಿ.

ಇಂಗ್ಲಿಷ್ ಪಟ್ಟಿಗಳಲ್ಲಿ ಒಂದು ಹಳೇ ಚೇಷ್ಟೆಯಿದೆ. ‘ಬ್ಯಾಟ್’ ಎಂದು ಬರೆದು, ನೀವು ದಾಂಡು ಹುಡುಕುತ್ತಿರುವಾಗ ತೊಲೆಗೆ ಬಾವಲಿಯನ್ನು ನೇತುಹಾಕಿರುತ್ತಾರೆ. ‘ಬೋ’ ಎಂದರೆ ಬಿಲ್ಲೂ ಹೌದು, ರಿಬ್ಬನ್ ಗಂಟೂ ಹೌದು. ‘ನೇಲ್’ ಮೊಳೆಯೋ ಉಗುರೋ. ಮೂಲದಲ್ಲಿ ಇದು ಚೆಂದ. ಚಿತ್ರ ತೋರಿಸದೆ ಬರೀ ಪದಗಳ ಎಕ್ಸೆಲ್ ಹಾಳೆಯನ್ನು ಅನುವಾದಕ್ಕೆ ಕಳಿಸಿದರೆ ಅನಾಹುತ: ಪಟ್ಟಿಯಲ್ಲಿ ‘ಉಗುರು’, ಗೋಡೆಯಲ್ಲಿ ಮೊಳೆ. ಅನುವಾದ ಮಾಡುವವರ ಕೈಗೆ ಪ್ರತಿ ಹೆಸರಿನ ಪಕ್ಕ ಆ ವಸ್ತುವಿನ ಚಿತ್ರವೂ ಇರಬೇಕು, ಬೇರೆ ದಾರಿಯಿಲ್ಲ.

ಕನ್ನಡದಲ್ಲೇ ಪಟ್ಟಿ ಬರೆಯಲು ಕೂತರೆ ನಮ್ಮವೇ ತೊಡಕುಗಳು ಎದ್ದು ಬರುತ್ತವೆ. ‘ಗರಿ’ ಎಂದರೆ ನವಿಲಿನದೋ ತೆಂಗಿನದೋ? ‘ಮಣೆ’ ಎಂದರೆ ಕೂರುವುದೋ, ಚೆನ್ನೆ ಆಡುವುದೋ, ತುರಿಯುವುದೋ? ಮೈಸೂರು ಕಡೆಯ ಈಳಿಗೆಮಣೆ ಕರಾವಳಿಯಲ್ಲಿ ಮೆಟ್ಟುಕತ್ತಿ. ಪೊರಕೆ ಧಾರವಾಡದ ಕಡೆ ಕಸಬರಿಗೆ. ಬಾಚಣಿಗೆ ಹಣಿಗೆಯಾಗುತ್ತದೆ. ಊರಿಗೊಂದು ಹೆಸರಿರುವ ವಸ್ತುವನ್ನು ಕಷ್ಟದ ಮೂರರಲ್ಲಿ ಎಂದೂ ಸೇರಿಸಬಾರದು. ಕಣ್ಣೂ ಸೋತು ಪದವೂ ಸೋತರೆ ಆಡುವವರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟರೆ ವಸ್ತುವಿನ ಕಪ್ಪು ನೆರಳುಚಿತ್ರ ಕಾಣುವಂತೆ ಮಾಡಿದರೆ ಈ ತಾಪತ್ರಯ ಅರ್ಧ ಇಳಿಯುತ್ತದೆ. ‘ಕೊಡ’, ‘ಕೊಡೆ’, ‘ಕೊಡಲಿ’ ಮೂರನ್ನೂ ಒಂದೇ ಪಟ್ಟಿಗೆ ಹಾಕುವ ಆಸೆಯನ್ನೂ ಬಿಡಿ. ಸಣ್ಣ ಅಕ್ಷರದಲ್ಲಿ ಒಂದು ಎತ್ವ ಎಲ್ಲಿದೆ ಎಂದು ಹುಡುಕುವುದು ಬೇರೆಯೇ ಆಟ.

ಪಟ್ಟಿಯಲ್ಲಿ ‘ಕತ್ತರಿ’ ಇದ್ದು, ದೃಶ್ಯದಲ್ಲಿ ದರ್ಜಿ ಕತ್ತರಿಯೂ ಕ್ಷೌರದ ಕತ್ತರಿಯೂ ಇದ್ದರೆ ಯಾವುದನ್ನು ಮುಟ್ಟಿದರೂ ಸರಿಯೆನ್ನಬೇಕು. ಕಂಡದ್ದನ್ನು ಮುಟ್ಟಿದವರಿಗೆ ತಪ್ಪು ಎಂದು ಗುರ್ ಎನ್ನುವ ಆಟವನ್ನು ಯಾರೂ ಮತ್ತೆ ನಂಬುವುದಿಲ್ಲ.

ತಪ್ಪು ಕ್ಲಿಕ್ಕಿಗೆ ಶಿಕ್ಷೆ ಎಷ್ಟಿರಬೇಕು? ಶಿಕ್ಷೆಯೇ ಇಲ್ಲದಿದ್ದರೆ ಪರದೆಯನ್ನು ಮಳೆ ಹೊಯ್ದಂತೆ ಕುಟ್ಟಿ ಮುಗಿಸುತ್ತಾರೆ, ನೋಡುವುದೇ ಇಲ್ಲ. ಒಂದು ತಪ್ಪಿಗೇ ಶಿಕ್ಷಿಸಿದರೆ ಮುಟ್ಟಲು ಹೆದರುತ್ತಾರೆ. ಮೂರು ಸೆಕೆಂಡಿನೊಳಗೆ ಐದು ತಪ್ಪಾದರೆ ಐದು ಸೆಕೆಂಡು ಕರ್ಸರ್ ಮಂಕಾಗುವುದು ಸಾಕಷ್ಟು ಹದವಾದ ಕ್ರಮ. ಹಿಂಟ್ ಗುಂಡಿ ಸಲೀಸು ಹಂತದಲ್ಲಿ 20ರಿಂದ 30 ಸೆಕೆಂಡಿಗೆ ತುಂಬಿಕೊಳ್ಳಲಿ, ಕಷ್ಟದ ಹಂತದಲ್ಲಿ 60ರಿಂದ 90ಕ್ಕೆ. ಬೆಳಕು ನೇರ ವಸ್ತುವಿನ ಮೇಲೆ ನಿಲ್ಲುವುದಕ್ಕಿಂತ ಸುತ್ತಲಿನ ಒಂದು ಅಂಗೈಯಗಲ ಜಾಗವನ್ನು ಬೆಳಗಿದರೆ ಕೊನೆಯ ಕಾಣ್ಕೆ ಆಡುವವರದೇ ಆಗಿ ಉಳಿಯುತ್ತದೆ. ಬಿಗ್ ಫಿಶ್ ಗೇಮ್ಸ್‌ನವರ ‘ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್’ 2005ರಲ್ಲಿ ಬಂದಾಗ ಗಡಿಯಾರದ ಜೊತೆ ಓಟವಿತ್ತು. ಮುಂದೆ ಈ ಬಗೆಯ ಆಟಗಳು ಅಡ್ವೆಂಚರ್ ಕಡೆಗೆ, ಅಂದರೆ ಸಿಕ್ಕಿದ ಸಾಮಾನು ಬಳಸಿ ಒಗಟು ಬಿಡಿಸುತ್ತ ಕಥೆಯಲ್ಲಿ ಸಾಗುವ ಆಟಗಳ ಕಡೆಗೆ, ವಾಲಿದಂತೆ ಗಡಿಯಾರ ಹಿಂದೆ ಸರಿಯಿತು. ಒಳ್ಳೆಯದೇ ಆಯಿತು. ರಾತ್ರಿ ಊಟ ಮುಗಿಸಿ ಕೂತವರಿಗೆ ಟಿಕ್ ಟಿಕ್ ಯಾರಿಗೆ ಬೇಕು?

ಅಡ್ವೆಂಚರ್ ಭಾಗದಲ್ಲಿ ಅಡಗಿರುವುದು ವಸ್ತುವಲ್ಲ, ಕಾರಣ. ಬೀಗ ಮೊದಲು ಕಾಣಬೇಕು, ಬೀಗದ ಕೈ ಆಮೇಲೆ ಸಿಗಬೇಕು. ಟ್ರಂಕಿನ ಮೇಲೆ ಮೀನಿನ ಆಕಾರದ ಗುಳಿಯನ್ನು ನೋಡಿ ಬಂದವರಿಗೆ ಬಾವಿಕಟ್ಟೆಯಲ್ಲಿ ಹಿತ್ತಾಳೆ ಮೀನು ಸಿಕ್ಕರೆ ಕೈ ತಾನಾಗಿ ಅಟ್ಟದ ಕಡೆ ಓಡುತ್ತದೆ. ತಿರುಗು ಮುರುಗಾದರೆ ಅದು ಕೈಚೀಲದಲ್ಲಿ ಬಿದ್ದಿರುವ ಇನ್ನೊಂದು ಸಾಮಾನು, ಅಷ್ಟೆ. ಒಂದೇ ಹೊತ್ತಿಗೆ ತೆರೆದಿರುವ ಜಾಗ ನಾಲ್ಕೈದು, ಕೈಯಲ್ಲಿರುವ ವಸ್ತು ಏಳೆಂಟು, ಇದಕ್ಕಿಂತ ಮೀರಿದರೆ ಜನ ಯೋಚಿಸುವುದು ಬಿಟ್ಟು ಎಲ್ಲವನ್ನೂ ಎಲ್ಲದಕ್ಕೂ ಉಜ್ಜಿ ನೋಡತೊಡಗುತ್ತಾರೆ. ಕೈಯಲ್ಲಿ ಚಾಕು ಇದ್ದೂ ಹಗ್ಗ ಕತ್ತರಿಸಲು ಗಾಜಿನ ಚೂರೇ ಬೇಕು ಎನ್ನುವುದು ಈ ಆಟಗಳ ಹಳೇ ರೋಗ. ಚಾಕುವಿನ ಕೆಲಸ ಮುಗಿದಿದ್ದರೆ ಅದು ಮುರಿದದ್ದನ್ನೋ ಮರದಲ್ಲಿ ಸಿಕ್ಕಿಕೊಂಡದ್ದನ್ನೋ ಕಣ್ಣಾರೆ ತೋರಿಸಿಬಿಡಿ. 1999ರ ‘ಗೇಬ್ರಿಯಲ್ ನೈಟ್ 3’ ಆಟದಲ್ಲಿ ಬೇರೊಬ್ಬನ ಹೆಸರಲ್ಲಿ ಬೈಕ್ ಬಾಡಿಗೆ ಪಡೆಯಲು ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಅಂಟಿಸಿಕೊಳ್ಳಬೇಕು. ಆ ಬೇರೊಬ್ಬನಿಗೆ ಮೀಸೆಯೇ ಇಲ್ಲ, ಹಾಗಾಗಿ ಅವನ ಪಾಸ್‌ಪೋರ್ಟ್ ಚಿತ್ರಕ್ಕೂ ಮೀಸೆ ಬರೆಯಬೇಕು! ಉತ್ತರ ತಿಳಿದ ಮೇಲೂ ‘ಅಯ್ಯೋ, ಹೌದಲ್ಲ’ ಎನ್ನಲಾಗದ ಒಗಟಿಗೆ ಅದು ಇಂದಿಗೂ ಉದಾಹರಣೆ.

ನಡುನಡುವೆ ಬರುವ ಪುಟ್ಟ ಒಗಟುಗಳಲ್ಲಿ ಲೆಕ್ಕ ತಪ್ಪಿದರೆ ಆಟವೇ ನಿಂತುಹೋಗುತ್ತದೆ. 15 ಬಿಲ್ಲೆ, ಒಂದು ಖಾಲಿ ಮನೆಯ ಸರಿಸಾಟವನ್ನೇ, ಅಂದರೆ ಬಿಲ್ಲೆಗಳನ್ನು ಖಾಲಿ ಮನೆಗೆ ಸರಿಸುತ್ತ ಕ್ರಮಕ್ಕೆ ತರುವ ಆಟವನ್ನೇ, ನೋಡಿ. ಬಿಲ್ಲೆಗಳನ್ನು ಹೇಗೆಂದರೆ ಹಾಗೆ ಕಲೆಸಿಟ್ಟರೆ ಅರ್ಧಕ್ಕರ್ಧ ಜೋಡಣೆಗಳು ಎಂದೆಂದಿಗೂ ಬಿಡಿಸಲಾಗದವು. ಇದು 1879ರಲ್ಲೇ ಸಾಬೀತಾದ ಸಂಗತಿ. ಒಂಬತ್ತು ಮನೆಯ ಚಿಕ್ಕ ಸರಿಸಾಟಕ್ಕೂ ಇದೇ ನಿಯಮ: 3,62,880 ಜೋಡಣೆಗಳಲ್ಲಿ 1,81,440 ಮಾತ್ರ ಬಿಡಿಸಬಹುದಾದವು. ಒಂದು ದೀಪ ಒತ್ತಿದರೆ ಅದರ ನಾಲ್ಕು ನೆರೆಯ ದೀಪಗಳೂ ಬದಲಾಗುವ 5×5 ಒಗಟಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಬಿಡಿಸಬಹುದಾದಂಥವು. ಪರಿಹಾರ ಸುಲಭ. ಬಿಡಿಸಿದ ಸ್ಥಿತಿಯಿಂದ ಶುರುಮಾಡಿ, ಆಟದ ನಿಯಮದ ಪ್ರಕಾರವೇ ನೂರು ಸಲ ಸರಿಸಿ ಕಲೆಸಿದರಾಯಿತು. ಇನ್ನೊಂದು ಸೂಕ್ಷ್ಮ: ಚಿತ್ರದ ಬಿಲ್ಲೆಗಳಲ್ಲಿ ಎರಡು ಬರೀ ನೀಲಿ ಆಕಾಶವಾಗಿದ್ದರೆ ಆಡುವವರು ಅವನ್ನು ಅದಲು ಬದಲು ಇಟ್ಟುಕೊಳ್ಳುತ್ತಾರೆ. ಆಮೇಲೆ ಕೊನೆಯ ಎರಡು ಬಿಲ್ಲೆ ಏನು ಮಾಡಿದರೂ ಕೂರುವುದಿಲ್ಲ. ಆಕಾಶದಲ್ಲಿ ಎರಡು ಹಕ್ಕಿ ಹಾರಿಸಿದರೆ ತೊಂದರೆ ತೀರಿತು. ಇಷ್ಟೆಲ್ಲ ಮಾಡಿದರೂ ‘ಈ ಒಗಟು ಬೇಡ’ ಎನ್ನುವ ಗುಂಡಿ ಒಂದೆರಡು ನಿಮಿಷದಲ್ಲಿ ತೆರೆದುಕೊಳ್ಳಲಿ. ಸರಿಸಾಟ ಎಂದರೆ ಕೆಲವರಿಗೆ ಮೈ ಉರಿ.

ಅಟ್ಟ ಸಿದ್ಧವಾದ ಮೇಲೆ ಅದನ್ನು ಹಿಂದೆಂದೂ ನೋಡದ ಐದಾರು ಜನರ ಮುಂದಿಡಬೇಕು. ಬಿಡಿಸಿದವರಿಗೆ ಎಲ್ಲವೂ ಕಾಣುತ್ತಿರುತ್ತದೆ, ಅವರ ಅಭಿಪ್ರಾಯಕ್ಕೆ ಇಲ್ಲಿ ಬೆಲೆಯಿಲ್ಲ. ಪ್ರತಿ ವಸ್ತು ಎಷ್ಟು ಸೆಕೆಂಡಿಗೆ ಸಿಕ್ಕಿತು, ಯಾವುದಕ್ಕೆ ಹಿಂಟ್ ಒತ್ತಿದರು, ಖಾಲಿ ಜಾಗದಲ್ಲಿ ಎಲ್ಲಿ ಮತ್ತೆ ಮತ್ತೆ ಕ್ಲಿಕ್ ಮಾಡಿದರು, ಮೂರನ್ನೂ ಬರೆದಿಡಿ. ಐವರಲ್ಲಿ ಮೂವರು ಒಂದೇ ಖಾಲಿ ಜಾಗವನ್ನು ಮುಟ್ಟಿದ್ದರೆ ಅಲ್ಲಿರುವ ಚಿತ್ರ ಇನ್ನೇನನ್ನೋ ಹೋಲುತ್ತಿದೆ ಎಂದರ್ಥ. ಬಿದಿರಿನ ಗೆಣ್ಣು ಕೊಳಲಿನಂತೆ ಕಂಡಿರಬಹುದು.

ಅಡಕತ್ತರಿಗೆ ಹಿಂಟ್ ಒತ್ತಿದಾಗ ಪರದೆಯನ್ನು ನೋಡಬೇಡಿ, ಕೂತಿರುವ ಭಂಗಿ ನೋಡಿ. ಉಂಗುರ ಬಂದು ನಿಂತೊಡನೆ ಹಣೆ ಚಚ್ಚಿಕೊಂಡು ಕುರ್ಚಿಗೆ ಒರಗಿದರೆ ಅಡಕತ್ತರಿ ಇದ್ದಲ್ಲೇ ಇರಲಿ. ಉಂಗುರ ಬಂದ ಮೇಲೂ ಕಣ್ಣು ಕಿರಿದು ಮಾಡಿ ಪರದೆಯತ್ತ ಬಗ್ಗಿದರೆ, ಆ ಅಲಗನ್ನು ಇನ್ನೊಮ್ಮೆ ಬಿಡಿಸಬೇಕು.