ಬೆಲ್ಲಕ್ಕೊಂದು ದಾರಿ, ಊದುಬತ್ತಿಗೊಂದು ದಾರಿ: ಆನ್‌ಲೈನ್ ಮಾರಾಟದ ವೇದಿಕೆ ಆರಿಸುವುದು

ಸಣ್ಣ ವ್ಯಾಪಾರಕ್ಕೆ ಆನ್‌ಲೈನ್‌ನಿಂದ ಒಂದಿಷ್ಟು ಹೆಚ್ಚಿನ ಆದಾಯ ಸೇರಿಸಿಕೊಳ್ಳುವ ಮಾತು ಬಂದೊಡನೆ ನಾವೆಲ್ಲ ಮೊದಲು ಕೇಳುವುದು ಅಮೆಜಾನೋ, ಫ್ಲಿಪ್‌ಕಾರ್ಟೋ, ಮೀಶೋವೋ ಎಂದು. ಆ ಪ್ರಶ್ನೆಯ ಸರದಿ ಮೂರನೆಯದು ಎಂಬುದು ಈ ಟಿಪ್ಪಣಿಯ ನಿಲುವು. ಮೊದಲು ಕೇಳಬೇಕಾದವು ಎರಡು: ನಮ್ಮ ಸರಕಿನ ತೂಕಕ್ಕೆ ತಕ್ಕ ಬೆಲೆ ಇದೆಯೇ? ಒಮ್ಮೆ ಕೊಂಡವರು ಮತ್ತೆ ಎಷ್ಟು ಬೇಗ ಕೊಳ್ಳುತ್ತಾರೆ? ಈ ಎರಡಕ್ಕೆ ಪ್ರಾಮಾಣಿಕ ಉತ್ತರ ಬರೆದುಕೊಂಡರೆ ವೇದಿಕೆ ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ. ಮಂಡ್ಯದ ಅಚ್ಚು ಬೆಲ್ಲ ಮತ್ತು ಮೈಸೂರಿನ ಊದುಬತ್ತಿ, ಈ ಎರಡನ್ನು ಮುಂದಿಟ್ಟುಕೊಂಡು ನೋಡೋಣ. ಮಂಡ್ಯಕ್ಕೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬೆಲ್ಲವೇ ಆಯ್ಕೆಯಾಗಿದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎರಡೂ ಹೆಸರುವಾಸಿ ಸರಕುಗಳೇ, ಆದರೂ ಎರಡರ ಹಾದಿ ಬೇರೆ ಬೇರೆ.

ಒಂದು ಕಿಲೋ ಬೆಲ್ಲದ ಲೆಕ್ಕ

ಇಲ್ಲಿನ ಬೆಲೆಗಳು ಲೆಕ್ಕ ಕಲಿಯುವುದಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ ನೋಡಿ. ಆಲೆಮನೆಯಿಂದ ಕಿಲೋ 55 ರೂಪಾಯಿಗೆ ಬೆಲ್ಲ ತಂದಿರಿ ಎನ್ನೋಣ. ತೇವ ತಾಗದ ಒಳಚೀಲ, ಚೀಟಿ, ರಟ್ಟಿನ ಪೆಟ್ಟಿಗೆ ಸೇರಿ 15 ರೂಪಾಯಿ. ಅಸಲು 70. ಆನ್‌ಲೈನ್‌ನಲ್ಲಿ ಇಟ್ಟ ಬೆಲೆ 140. ಅಂಗಡಿಯ ಕಣ್ಣಿನಿಂದ ನೋಡಿದರೆ ಅಸಲಿನ ದುಪ್ಪಟ್ಟು ಬೆಲೆ.

ಈಗ ಕಡಿತ ನೋಡಿ. ಕಮಿಷನ್ ಶೇ 12 ಎಂದರೆ 16 ರೂಪಾಯಿ 80 ಪೈಸೆ. ರಾಜ್ಯದೊಳಗಿನ ಸಾಗಣೆ 65 ರೂಪಾಯಿ. ಎರಡೂ ಸೇರಿ 81.80. ಈ ಸೇವೆಗಳ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಅದು 14.72. ಒಟ್ಟು 96.52. 140ರಿಂದ ಇದನ್ನೂ ಅಸಲನ್ನೂ ಕಳೆದರೆ ಕೈಯಿಂದಲೇ 26 ರೂಪಾಯಿ 52 ಪೈಸೆ ಹೋಗುತ್ತದೆ. ಮೂಗಿಗಿಂತ ಮೂಗುತಿ ಭಾರ.

ಇಲ್ಲಿ ಹಲವರು, ಕಮಿಷನ್ ಇಲ್ಲದ ವೇದಿಕೆಗೆ ಹೋದರಾಯಿತಲ್ಲ ಎನ್ನುತ್ತಾರೆ. ಮೀಶೋ 2021ರಲ್ಲಿಯೇ ಮಾರಾಟಗಾರರಿಗೆ ಶೂನ್ಯ ಕಮಿಷನ್ ಘೋಷಿಸಿತು. ಬೇರೆ ಕಂಪನಿಗಳೂ ಕಡಿಮೆ ಬೆಲೆಯ ಸರಕಿಗೆ ಇದೇ ದಾರಿ ಹಿಡಿದಿವೆ. ಸರಿ, ಕಮಿಷನ್ ಸೊನ್ನೆ ಎಂದೇ ಇಟ್ಟುಕೊಳ್ಳಿ. ಸಾಗಣೆ ತೆರಿಗೆ ಸೇರಿ 76.70, ಅಸಲು 70, ಒಟ್ಟು 146.70. ಈಗಲೂ 6 ರೂಪಾಯಿ 70 ಪೈಸೆ ನಷ್ಟವೇ. ತೊಂದರೆ ಇರುವುದು ಕಮಿಷನ್‌ನಲ್ಲಿ ಅಲ್ಲ, ಭಾರವಾದ ಅಗ್ಗದ ಸರಕನ್ನು ಒಂದೊಂದೇ ಕಿಲೋ ಮಾಡಿ ಊರೂರಿಗೆ ಕಳುಹಿಸುವುದರಲ್ಲಿ. ಜಾಹೀರಾತಿನಲ್ಲಿ ‘ಶೂನ್ಯ’ ಎಂಬ ಪದ ಕಂಡಾಗಲೆಲ್ಲ ಅದು ಯಾವ ಸಾಲಿನ ಶೂನ್ಯ ಎಂದು ಕೇಳುವ ಅಭ್ಯಾಸ ನಮಗೆ ಬರಬೇಕು.

ಹಾಗಾದರೆ ಬೆಲ್ಲಕ್ಕೆ ಆನ್‌ಲೈನ್ ಒಗ್ಗುವುದಿಲ್ಲವೇ? ಚೆನ್ನಾಗಿಯೇ ಒಗ್ಗುತ್ತದೆ, ಬೇರೆ ರೀತಿಯಲ್ಲಿ. ಬೆಲ್ಲ ತಿಂಗಳು ತಿಂಗಳು ಮುಗಿಯುವ ಸರಕು. ರುಚಿ ಹಿಡಿದ ಮನೆಯವರು ಮತ್ತೆ ಕೇಳುತ್ತಾರೆ. ಇಂಥದ್ದಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು: 2018ರಿಂದ ಉಚಿತವಾಗಿ ಸಿಗುತ್ತಿರುವ ಆ್ಯಪ್, ಅದರಲ್ಲಿ ಸರಕಿನ ಚಿತ್ರ ಮತ್ತು ಬೆಲೆಯ ಪಟ್ಟಿ ಇಡಬಹುದು, ಗಿರಾಕಿಗಳಿಗೆ ಗುರುತು ಹಚ್ಚಿ ವಿಂಗಡಿಸಬಹುದು. ಹಣಕ್ಕೆ ಯುಪಿಐ. ಜೊತೆಗೆ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು, ಅದಕ್ಕೂ ಶುಲ್ಕವಿಲ್ಲ. ಸಾಗಣೆಯಲ್ಲಿ ಮಾತ್ರ ಜಾಣತನ ಬೇಕು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹತ್ತು ಮನೆಗಳ ಬೇಡಿಕೆ ಒಟ್ಟುಗೂಡಿಸಿ ಇಪ್ಪತ್ತು ಕಿಲೋದ ಒಂದೇ ಮೂಟೆ ಮಾಡಿ ಬಸ್ಸಿನ ಪಾರ್ಸೆಲ್‌ಗೆ ಹಾಕಿದರೆ ಕಿಲೋಗೆ ಬೀಳುವ ಖರ್ಚು ಕೊರಿಯರ್ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಇಂಥ ಕೆಲಸಕ್ಕೇ ಇದೆ. ಇಳಿಸಿಕೊಂಡು ಹಂಚುವವರೊಬ್ಬರು ಅಲ್ಲಿರಬೇಕು. ಅವರಿಗೆ ಕಿಲೋಗೆ ಇಷ್ಟು ಎಂದು ಕೊಟ್ಟರೂ ಲೆಕ್ಕ ಹೊಂದುತ್ತದೆ.

ಮಳೆಗಾಲದ ಮಾತೊಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಲ್ಲ ಗಾಳಿಯ ತೇವ ಹೀರಿ ನೀರೊಡೆಯುತ್ತದೆ. ಆಷಾಢದಲ್ಲಿ ನಾಲ್ಕು ದಿನ ಗೋದಾಮಿನಲ್ಲಿ ಕುಳಿತ ಪೊಟ್ಟಣದ ಗತಿ ಏನಾಗುತ್ತದೆ ಎಂಬುದನ್ನು ಯಾವ ವೇದಿಕೆಯ ನಿಯಮಪುಸ್ತಕವೂ ಹೇಳುವುದಿಲ್ಲ. ದೂರದ ಬೇಡಿಕೆಯನ್ನು ಆ ತಿಂಗಳುಗಳಲ್ಲಿ ನಿಲ್ಲಿಸುವುದು ವ್ಯಾಪಾರ ಕಳೆದುಕೊಂಡಂತೆ ಕಾಣಬಹುದು, ಆದರೆ ಹೆಸರು ಉಳಿಯುತ್ತದೆ.

ಊದುಬತ್ತಿಯ ಲೆಕ್ಕ, ಮತ್ತು ಪೆಟ್ಟಿಗೆಯ ಅಳತೆ

ಆರು ಕಟ್ಟುಗಳ ಒಂದು ಪೆಟ್ಟಿಗೆ, ತೂಕ 400 ಗ್ರಾಂ, ಬೆಲೆ 300 ರೂಪಾಯಿ. ತಯಾರಿಕೆಗೆ 120, ಕಟ್ಟುವುದಕ್ಕೆ 20. ಕಮಿಷನ್ ಶೇ 12ರಂತೆ 36, ಸಾಗಣೆ 50, ಇವುಗಳ ಮೇಲೆ ಶೇ 18 ಸೇರಿಸಿದರೆ 101.48. ಉಳಿಯುವುದು 58 ರೂಪಾಯಿ 52 ಪೈಸೆ. ಹಗುರ, ಕೆಡುವುದಿಲ್ಲ, ಬೆಲೆಯೂ ಇದೆ. ದೊಡ್ಡ ವೇದಿಕೆಗೆ ಹೇಳಿ ಮಾಡಿಸಿದ ಸರಕು.

ಆದರೂ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಗಾತ್ರದ ತೂಕ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಹೆಚ್ಚಿನದಕ್ಕೆ ಹಣ ಕೇಳುತ್ತಾರೆ. ಮನೆಯಲ್ಲಿದ್ದ 30, 20, 15ರ ಪೆಟ್ಟಿಗೆಯಲ್ಲಿ ನಮ್ಮ ಊದುಬತ್ತಿ ಹಾಕಿದರೆ 9000ವನ್ನು 5000ದಿಂದ ಭಾಗಿಸಿ 1.8 ಕಿಲೋ ಎಂದಾಗುತ್ತದೆ. 400 ಗ್ರಾಂ ಸರಕಿಗೆ ಎರಡು ಕಿಲೋದ ದರ! ಅದೇ ಸರಕನ್ನು 25, 10, 8ರ ಪೆಟ್ಟಿಗೆಯಲ್ಲಿ ಕೂರಿಸಿದರೆ 2000 ಭಾಗ 5000, ಅಂದರೆ ಸರಿಯಾಗಿ 400 ಗ್ರಾಂ. ವೇದಿಕೆ ಬದಲಿಸುವುದಕ್ಕೆ ಮೊದಲು ಪೆಟ್ಟಿಗೆ ಬದಲಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಎರಡನೆಯದು ಹಿಂದಿರುಗುವ ಸರಕು. ಹತ್ತು ಪೆಟ್ಟಿಗೆಗಳಲ್ಲಿ ಒಂದು ವಾಪಸು ಬಂತು ಎನ್ನಿ. ಹೋಗಿ ಬಂದ ಸಾಗಣೆಗೆ 120, ಹಾಳಾದ ಪೆಟ್ಟಿಗೆಗೆ 20. ಉಳಿದ ಒಂಬತ್ತರ ಗಳಿಕೆ 526.68ರಲ್ಲಿ ಇದನ್ನು ಕಳೆದರೆ 386.68, ಪೆಟ್ಟಿಗೆಗೆ 38 ರೂಪಾಯಿ ಚಿಲ್ಲರೆ. ಒಂದೇ ವಾಪಸು ಮೂರನೇ ಒಂದು ಭಾಗ ಲಾಭ ನುಂಗಿತು. ಬಾಗಿಲಲ್ಲಿ ಹಣ ಕೊಡುವ ಬೇಡಿಕೆಗಳಲ್ಲಿ ಇದು ಹೆಚ್ಚು. ಗಿರಾಕಿ ತೆಗೆದುಕೊಳ್ಳದೆ ಹಿಂದೆ ಕಳುಹಿಸಿದ್ದು ಮತ್ತು ತೆಗೆದುಕೊಂಡು ಆಮೇಲೆ ಮರಳಿಸಿದ್ದು, ಈ ಎರಡಕ್ಕೂ ಬಹಳ ಕಡೆ ಬೇರೆ ಬೇರೆ ನಿಯಮಗಳಿವೆ. ಶುಲ್ಕದ ಪುಟದಲ್ಲಿ ಮೊದಲು ಹುಡುಕಬೇಕಾದ ಸಾಲು ಇದು.

ಗಿರಾಕಿ ಯಾರ ಕೈಯಲ್ಲಿ?

ದೊಡ್ಡ ಮಾರುಕಟ್ಟೆ ವೇದಿಕೆಯಲ್ಲಿ ಕೊಂಡವರ ಮೊಬೈಲ್ ಸಂಖ್ಯೆ ಸಾಮಾನ್ಯವಾಗಿ ನಮಗೆ ಸಿಗುವುದಿಲ್ಲ. ಮುಂದಿನ ತಿಂಗಳು ಅವರಿಗೆ ಊದುಬತ್ತಿ ಬೇಕಾದಾಗ ವೇದಿಕೆ ಮತ್ತೊಬ್ಬರ ಸರಕನ್ನು ಮೇಲೆ ತೋರಿಸಬಹುದು. ಬೀಟೆ ಮರದ ಕುಸುರಿ ಕೆಲಸದಂಥ ಮೈಸೂರಿನ ವಸ್ತುಗಳಲ್ಲಿ ಇದರ ಚಿಂತೆ ಅಷ್ಟಿಲ್ಲ. ಒಂದು ಮನೆ ಅದನ್ನು ಒಮ್ಮೆ ಕೊಳ್ಳುತ್ತದೆ, ಹುಡುಕಿಕೊಂಡು ಬರುವ ಹೊಸ ಕಣ್ಣುಗಳೇ ಅಲ್ಲಿ ಮುಖ್ಯ. ದೊಡ್ಡ ವೇದಿಕೆ ಕೊಡುವುದೂ ಅದನ್ನೇ. (ಹೊರದೇಶದಿಂದ ಬೇಡಿಕೆ ಬಂದರೆ ಮಾತ್ರ ನಿಂತು ವಿಚಾರಿಸಿ: ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ.) ಮೈಸೂರು ಮಲ್ಲಿಗೆಗೆ ದೊಡ್ಡ ವೇದಿಕೆಯೇ ಬೇಡ. ಬೆಳಗ್ಗೆ ಕಟ್ಟಿದ ಹೂವು ಸಂಜೆಯೊಳಗೆ ಮುಡಿ ಸೇರಬೇಕು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪೇ ಅದರ ವೇದಿಕೆ.

ಓಎನ್‌ಡಿಸಿ ಎಂಬುದನ್ನು ಇನ್ನೊಂದು ಅಂಗಡಿ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಕೇಂದ್ರ ಸರ್ಕಾರದ ಒತ್ತಾಸೆಯಿಂದ 2021ರ ಡಿಸೆಂಬರ್ 31ರಂದು ನೋಂದಣಿಯಾದ ಲಾಭರಹಿತ ಕಂಪನಿಯ ಜಾಲ ಅದು. ಮಾರುವವರು ಒಂದು ಆ್ಯಪ್ ಮೂಲಕ ಜಾಲಕ್ಕೆ ಸೇರುತ್ತಾರೆ, ಕೊಳ್ಳುವವರು ಬೇರೆ ಬೇರೆ ಆ್ಯಪ್‌ಗಳಿಂದ ಅದೇ ಸರಕನ್ನು ಕಾಣುತ್ತಾರೆ. ಹಾಗಾಗಿ ಅಲ್ಲಿ ನಾವು ಆರಿಸುವುದು ಮಾರಾಟದ ಆ್ಯಪ್ ಅನ್ನು. ಶುಲ್ಕವೂ ದೂರು ಕೇಳುವ ಬಗೆಯೂ ಅದರ ಮೇಲೆಯೇ ನಿಂತಿವೆ. ಸರ್ಕಾರಿ ಕಚೇರಿಗಳಿಗೆ ಮಾರುವವರಿಗೆ 2016ರಿಂದ ಜೆಮ್ ಎಂಬ ಸರ್ಕಾರಿ ಖರೀದಿಯ ಜಾಲತಾಣ ಇದೆ. ಯೂಟ್ಯೂಬ್ ಜಾಹೀರಾತಿನ ಹಣವನ್ನು ನೆಚ್ಚಿಕೊಂಡು ಕೂರಬೇಡಿ: ಅದರ ಪಾಲು ಸಿಗಲು ಸಾವಿರ ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ವಿಡಿಯೊ ಹಾಕಿ, ಖಂಡಿತ ಹಾಕಿ. ಅದು ಬೆಲ್ಲ ಮಾರುತ್ತದೆ.

ಕಾಗದ ಪತ್ರ

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಹಳೆಯ ಪಾಠಗಳಲ್ಲಿ ಇರುವುದು ಈಗ ಬದಲಾಗಿದೆ. ಇ-ವಾಣಿಜ್ಯ ವೇದಿಕೆಯಲ್ಲಿ ಸರಕು ಮಾರುವ ಪ್ರತಿಯೊಬ್ಬರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬ ನಿಯಮವಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಇದು ಸಡಿಲಾಗಿದೆ. ವಹಿವಾಟು ಮಿತಿಯೊಳಗಿದ್ದು (ಕರ್ನಾಟಕದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ) ರಾಜ್ಯದೊಳಗೆ ಮಾತ್ರ ಮಾರುವವರು ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಮಂಡ್ಯದಿಂದ ಹುಬ್ಬಳ್ಳಿಗೆ ಕಳುಹಿಸಬಹುದು. ಹೊಸೂರಿಗೆ ಕಳುಹಿಸಿದರೆ ರಾಜ್ಯ ದಾಟಿದಂತೆ, ಈ ವಿನಾಯಿತಿ ಹೋಗುತ್ತದೆ. ವೇದಿಕೆಗೆ ಸೇರುವಾಗ ‘ಕರ್ನಾಟಕ ಮಾತ್ರ’ ಎಂದು ನಿಗದಿ ಮಾಡಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಿ. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಕಡಿಮೆ ದರದ ಜಿಎಸ್‌ಟಿ ಕಟ್ಟುವ ಸಣ್ಣ) ವ್ಯಾಪಾರಿಗಳಿಗೂ ಅಂದಿನಿಂದ ರಾಜ್ಯದೊಳಗಿನ ಆನ್‌ಲೈನ್ ಮಾರಾಟಕ್ಕೆ ದಾರಿ ತೆರೆದಿದೆ.

ಬೆಲ್ಲದವರಿಗೆ ಇನ್ನೊಂದು ವಿಷಯ: ಬಿಡಿಯಾಗಿ ತೂಗಿ ಕೊಡುವ ಬೆಲ್ಲಕ್ಕೆ ತೆರಿಗೆ ಇಲ್ಲ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ್ದಕ್ಕೆ 2022ರ ಜುಲೈ 18ರಿಂದ ಶೇ 5. ಆನ್‌ಲೈನ್‌ನಲ್ಲಿ ಹೋಗುವುದು ಸಹಜವಾಗಿಯೇ ಪೊಟ್ಟಣದ ಬೆಲ್ಲ. ಹಾಗಾಗಿ ನೋಂದಣಿ ಮಾಡಿಸಿಕೊಂಡವರು ಮೇಲಿನ ಲೆಕ್ಕಕ್ಕೆ ಈ ತೆರಿಗೆಯನ್ನೂ ಸೇರಿಸಿ, ಸೇವೆಗಳ ಮೇಲಿನ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಆಗಲೇ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳುವ ಮೊತ್ತ) ಕಳೆಯಬೇಕು. ಆಹಾರ ಯಾವುದೇ ಆದರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು. ಪೊಟ್ಟಣದ ಸರಕಿಗೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು ವರ್ಷ, ದೂರು ಹೇಳಲು ಸಂಪರ್ಕ, ಇವನ್ನು 2011ರ ಕಾನೂನು ಮಾಪನ ನಿಯಮಗಳು ಕೇಳುತ್ತವೆ. ಸಣ್ಣ ಉದ್ದಿಮೆಗಳಿಗೆ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ, ಸರ್ಕಾರಿ ಪೋರ್ಟಲಿನಲ್ಲಿ ಸಂಪೂರ್ಣ ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಹಣ ಕೇಳುವವರ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಟೆಲಿಗ್ರಾಂನಲ್ಲಿ ‘ವಿಡಿಯೊಗೆ ಲೈಕ್ ಒತ್ತಿ, ದಿನಕ್ಕೆ ಇಷ್ಟು ಗಳಿಸಿ’ ಎಂದು ಬರುವುದು ಆದಾಯದ ವೇದಿಕೆಯೇ ಅಲ್ಲ. ಮೊದಲು ನೂರಿನ್ನೂರು ರೂಪಾಯಿ ಹಾಕಿ ನಂಬಿಸುತ್ತಾರೆ, ಆಮೇಲೆ ‘ಠೇವಣಿ’ ಕೇಳುತ್ತಾರೆ. ನಮಗೆ ಹಣ ಬರಬೇಕಾದಾಗ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ ಖಾತೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವು ಅಂಗಡಿಗಳು ಕ್ಯೂಆರ್ ಫಲಕವನ್ನೇ ತೆಗೆದು ‘ನಗದು ಮಾತ್ರ’ ಎಂದು ಬರೆದವು. ಆನ್‌ಲೈನ್ ಮಾರುವವರಿಗೆ ಆ ದಾರಿಯೂ ಇಲ್ಲ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇಟ್ಟುಕೊಂಡರೆ ತಂಗಿ ಕಳುಹಿಸಿದ ಹಣವೂ ಮಾರಾಟದ ಹಣವೂ ಬೆರೆಯುವುದಿಲ್ಲ. ವೇದಿಕೆಗಳು ಮಾರಾಟದ ಮೊತ್ತದ ಮೇಲೆ ಆದಾಯ ತೆರಿಗೆಯ ಮುಂಗಡವಾಗಿ ಸ್ವಲ್ಪ ಹಿಡಿಯುತ್ತವೆ. ಆ ದರವನ್ನು 2024ರ ಅಕ್ಟೋಬರ್ 1ರಿಂದ ಶೇ 1ರಿಂದ ಶೇ 0.1ಕ್ಕೆ ಇಳಿಸಲಾಯಿತು. ವೇದಿಕೆಯ ಮೂಲಕ ವರ್ಷದ ಮಾರಾಟ 5 ಲಕ್ಷ ರೂಪಾಯಿ ಮೀರದ, ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗಳಿಗೆ ಈ ಕಡಿತದಿಂದ ವಿನಾಯಿತಿ ನೀಡಲಾಗಿದೆ. ಪ್ರತಿ ಪಾವತಿಯ ಜೊತೆ ಬರುವ ವಿವರಪಟ್ಟಿಯನ್ನು ಇಳಿಸಿಕೊಂಡು ಬೇಡಿಕೆಯ ಸಂಖ್ಯೆ, ಮಾರಿದ ಬೆಲೆ, ಕಮಿಷನ್, ಸಾಗಣೆಗೆ ಹಿಡಿದ ತೂಕ, ಕಡಿತವಾದ ತೆರಿಗೆ, ಖಾತೆಗೆ ಬಂದ ಮೊತ್ತ ಎಂದು ಆರು ಕಲಮುಗಳಲ್ಲಿ ಬರೆದಿಡಿ. ತೂಕದ ಕಲಮನ್ನು ಪೆಟ್ಟಿಗೆಯ ಅಳತೆಯೊಂದಿಗೆ ತಾಳೆ ನೋಡಿ, ಹೆಚ್ಚು ಹಿಡಿದಿದ್ದರೆ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ತೆಗೆದ ಚಿತ್ರದೊಂದಿಗೆ ವೇದಿಕೆ ಹೇಳಿದ ಗಡುವಿನೊಳಗೆ ತಕರಾರು ಹಾಕಬೇಕು. ಗಡುವು ದಾಟಿದರೆ ಅದನ್ನು ಕೇಳುವವರಿರುವುದಿಲ್ಲ.