ವರ್ಕ್‌ಶಾಪ್ ಕಾಪಿ ಎಂದರೇನು?

ಮ್ಯೂಸಿಯಂನಲ್ಲಿ ಹಳೆಯ ಚಿತ್ರವೊಂದರ ಪಕ್ಕ ‘ಟಿಷಿಯನ್‌ನ ವರ್ಕ್‌ಶಾಪ್’ ಅಂತ ಬರೆದಿದ್ದರೆ, ನಕಲು ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಸ್ವಲ್ಪ ನಿಲ್ಲಿ. ಕಲಾವಿದನ ಸ್ವಂತ ಕಾರ್ಯಾಗಾರದಲ್ಲಿ, ಅವನ ಉಸ್ತುವಾರಿಯಲ್ಲೇ ಶಿಷ್ಯರು ಬಿಡಿಸಿದ ಪ್ರತಿಗೆ ವರ್ಕ್‌ಶಾಪ್ ಕಾಪಿ ಎನ್ನುತ್ತಾರೆ. ಅದು ಮೋಸಕ್ಕೆ ಮಾಡಿದ್ದಲ್ಲ.

‘ವೀನಸ್ ಮತ್ತು ಅಡೋನಿಸ್’ ಚಿತ್ರವನ್ನೇ ನೋಡಿ. ಮುಂದೆ ಸ್ಪೇನ್ ದೊರೆಯಾದ ಎರಡನೇ ಫಿಲಿಪ್‌ಗಾಗಿ ವೆನಿಸ್‌ನ ಚಿತ್ರಕಾರ ಟಿಷಿಯನ್ ಇದನ್ನು ಬಿಡಿಸಿ 1554ರಲ್ಲಿ ಕಳಿಸಿದ. ಫಿಲಿಪ್ ಆಗ ಮದುವೆಯಾಗಿ ಲಂಡನ್‌ನಲ್ಲಿದ್ದ. ಚಿತ್ರದ ನಡುವೆ ಅಡ್ಡಕ್ಕೆ ಮಡಿಕೆ ಬಿದ್ದಿದೆ ಅಂತ ಅವನು ದೂರಿದ. ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಮಡಿಕೆಯ ಗುರುತು ಇನ್ನೂ ಇದೆ.

ಕಥೆ ರೋಮನ್ ಕವಿ ಓವಿಡ್ ಹೇಳಿದ್ದು. ಪ್ರೇಮದೇವತೆ ವೀನಸ್ ಬೇಟೆಗಾರ ಅಡೋನಿಸ್‌ಗೆ ಮನಸೋಲುತ್ತಾಳೆ. ಕಾಡುಮೃಗಗಳ ತಂಟೆಗೆ ಹೋಗಬೇಡ ಎಂದು ಹೇಳಿ ಹೊರಡುತ್ತಾಳೆ. ಅವನು ಕೇಳುವುದಿಲ್ಲ, ಕಾಡುಹಂದಿಯ ಕೋರೆಗೆ ಬಲಿಯಾಗುತ್ತಾನೆ. ಟಿಷಿಯನ್ ಇಲ್ಲೊಂದು ಬದಲಾವಣೆ ಮಾಡಿದ. ಅವನ ಚಿತ್ರದಲ್ಲಿ ಹೊರಟವನು ಅಡೋನಿಸ್. ನಮಗೆ ಬೆನ್ನು ಹಾಕಿ ಕೂತ ವೀನಸ್ ಎರಡೂ ಕೈಯಲ್ಲಿ ಅವನನ್ನು ಬಾಚಿ ತಬ್ಬಿದ್ದಾಳೆ. ಅವನ ಕಾಲು ಆಗಲೇ ಮುಂದಕ್ಕೆ ಇಟ್ಟಾಗಿದೆ, ನಾಯಿಗಳು ಹಗ್ಗ ಜಗ್ಗುತ್ತಿವೆ. ತಡೆಯಲು ಆಗುವುದಿಲ್ಲ ಅನ್ನುವುದು ಅವಳ ತಿರುಚಿದ ಬೆನ್ನಲ್ಲೇ ಕಾಣುತ್ತದೆ. ಎಂಥ ಕಲ್ಪನೆ, ಅಲ್ವಾ!

ಇಂಥ ಚಿತ್ರ ನಮಗೂ ಬೇಕು ಅಂತ ಸಿರಿವಂತರು ಕೇಳದೆ ಇರುತ್ತಾರೆಯೇ? ಕಾರ್ಯಾಗಾರದಲ್ಲಿ ಆಕೃತಿಗಳ ಹೊರಗೆರೆಯನ್ನು ಟ್ರೇಸ್ ಮಾಡಿ ಹೊಸ ಕ್ಯಾನ್ವಾಸ್‌ಗೆ ಇಳಿಸುತ್ತಿದ್ದರು. ಬಣ್ಣದ ಕೆಲಸದಲ್ಲಿ ದೊಡ್ಡ ಪಾಲು ಶಿಷ್ಯರದು. ಕೆಲವು ಪ್ರತಿಗಳಿಗೆ ಗುರು ತಾನೂ ಕೈ ಹಚ್ಚುತ್ತಿದ್ದ. ಹಾಗಾಗಿ ಎಲ್ಲ ಪ್ರತಿಗಳೂ ಒಂದೇ ಮಟ್ಟದವಲ್ಲ. ಯಾವ ಗೆರೆ ಯಾರದು ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಚಿತ್ರ ಅಂಥದ್ದೊಂದು ವರ್ಕ್‌ಶಾಪ್ ಪ್ರತಿ. ಪ್ರಾಡೊದಲ್ಲಿ ಇರುವಂತೆ ಅಲ್ಲೂ ಮೂರು ನಾಯಿ, ಮರದಡಿ ನಿದ್ದೆ ಹೋದ ಪುಟ್ಟ ಪ್ರೇಮದೇವ ಕ್ಯುಪಿಡ್. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ನಲ್ಲಿರುವ ಚಿತ್ರಗಳಲ್ಲಿ ನಾಯಿ ಎರಡೇ. ಕ್ಯುಪಿಡ್ ಎಚ್ಚರವಾಗಿದ್ದಾನೆ, ಕೈಯಲ್ಲಿ ಪಾರಿವಾಳ ಹಿಡಿದಿದ್ದಾನೆ. ಅಂದರೆ ಆ ಕಾರ್ಯಾಗಾರ ಒಂದೇ ಅಚ್ಚನ್ನು ಸುಮ್ನೆ ಒತ್ತುತ್ತಾ ಕೂತಿರಲಿಲ್ಲ. ಅದೇ ಕಥೆಯನ್ನು ಮತ್ತೆ ಮತ್ತೆ ಹೊಸದಾಗಿ ಜೋಡಿಸುತ್ತಿತ್ತು.